ಕ್ಯಾಲ್ಸಿಯಂ 8 ಬಂದ್ರೆ ನಡುರಾತ್ರಿ ಫೋನ್ ಮಾಡ್ಬೇಕಾ?

ಪ್ರಶ್ನೆ: ಹಾಸನದ ಒಂದು ನರ್ಸಿಂಗ್ ಹೋಮ್ ಲ್ಯಾಬಲ್ಲಿ ಟೆಕ್ನೀಷಿಯನ್ ಆಗಿದೀನಿ. ಕ್ಯಾಲ್ಸಿಯಂಗೆ ಕ್ರಿಟಿಕಲ್ ಅಲರ್ಟ್ ಎಷ್ಟಕ್ಕೆ ಇಡ್ಬೇಕು ಸಾರ್? ನಮ್ ಡಾಕ್ಟ್ರು 8ರ ಕೆಳಗೆ ಬಂದಿದ್ದಕ್ಕೆಲ್ಲಾ ಫೋನ್ ಮಾಡಿ ಅಂತಾರೆ.

ಉತ್ತರ: ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. 8.5ರಿಂದ 10.5 (ಒಂದು ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕ) ಅನ್ನೋದು ನಾರ್ಮಲ್ ರೇಂಜು, ಅದು ದಾಟಿದ್ರೆ ರಿಪೋರ್ಟಲ್ಲಿ ಗುರುತು ಬಿದ್ರೆ ಸಾಕು, ಮಲಗಿರೋ ಡಾಕ್ಟರನ್ನ ಎಬ್ಬಿಸೋದು ಬೇರೆ ಲೆಕ್ಕ. 1972ರಲ್ಲಿ ಅಮೆರಿಕದ ಪೆಥಾಲಜಿಸ್ಟ್ ಲುಂಡ್‌ಬರ್ಗ್ ಈ ಕ್ರಿಟಿಕಲ್ ಅಲರ್ಟ್ ವಿಷಯ ಮೊದ್ಲು ಬರೆದಾಗ್ಲೂ ಅರ್ಥ ಇದೇ, ಈಗಿಂದೀಗ್ಲೇ ಏನಾದ್ರೂ ಮಾಡ್ದೇ ಇದ್ರೆ ಜೀವಕ್ಕೆ ಕುತ್ತು ಅನ್ನೋ ರಿಸಲ್ಟು. ಸುಮಾರು ಲ್ಯಾಬ್‌ಗಳು ಟೋಟಲ್ ಕ್ಯಾಲ್ಸಿಯಂಗೆ ಕೆಳಗೆ 6 ಇಲ್ಲಾ 6.5, ಮೇಲೆ 13ರ ಆಸುಪಾಸು ಇಟ್ಕೊಂಡಿರ್ತಾವೆ, ನಾನು ಅಂಜುಬುರುಕ, ನಂದು 6.5.

8ಕ್ಕೆ ಇಟ್ರೆ ಏನಾಗತ್ತೆ ಗೊತ್ತಾ? ವಾರ್ಡಲ್ಲಿ ಅಲ್ಬುಮಿನ್ (ರಕ್ತದಲ್ಲಿ ಕ್ಯಾಲ್ಸಿಯಂ ಅಂಟ್ಕೊಂಡಿರೋ ಪ್ರೋಟೀನು) ಕಮ್ಮಿ ಇರೋರೆಲ್ಲಾ ಬಲೆಗೆ ಬೀಳ್ತಾರೆ. ಅಲ್ಬುಮಿನ್ 2 ಇದ್ದು ಕ್ಯಾಲ್ಸಿಯಂ 7.8 ಬಂದ್ರೆ, 4ಕ್ಕಿಂತ ಕಮ್ಮಿ ಇರೋ ಒಂದೊಂದು ಗ್ರಾಂಗೆ 0.8 ಸೇರ್ಸಿ, 9.4 ಆಯ್ತು, ಮುಗೀತು. ಹಿಂಗೆ ಮೂರು ದಿನ ಫೋನ್ ಮಾಡಿ, ನಾಲ್ಕನೇ ದಿನ ಸಿಸ್ಟರು ಹ್ಞೂ ಹ್ಞೂ ಅಂದು ಇಟ್ಬಿಡ್ತಾರೆ, ಆವತ್ತೇ ನಿಜವಾದ 5.8 ಬಂದಿರತ್ತೆ. ಐಸಿಯು ಪೇಷಂಟ್‌ಗೆ ಮಾತ್ರ ಈ ಲೆಕ್ಕ ನಂಬ್ಬೇಡಿ, ಅಯೋನೈಸ್ಡ್ (ಪ್ರೋಟೀನಿಗೆ ಅಂಟದೆ ಬಿಡಿಯಾಗಿರೋ ಕ್ಯಾಲ್ಸಿಯಂ) ಟೆಸ್ಟ್ ಮಾಡ್ಸಿ, ಅದು 0.8 ಮಿಲಿಮೋಲ್‌ಗಿಂತ ಇಳಿದ್ರೆ ಓಡಿ. ಮತ್ತೆ ಥೈರಾಯ್ಡ್ ಆಪರೇಷನ್ ಆದೋರು ಬೆಳಿಗ್ಗೆ 9 ಇದ್ದು ಸಂಜೆ 7.4 ಆದ್ರೆ ಲಿಸ್ಟಲ್ಲಿ ಇಲ್ದಿದ್ರೂ ನಾನು ಫೋನ್ ಮಾಡ್ತೀನಿ, ಬೈದ್ರೆ ಬೈಸ್ಕೋತೀನಿ.

ಫೋನ್ ಎತ್ತೋಕ್ ಮುಂಚೆ ಪೊಟ್ಯಾಶಿಯಂ ನೋಡಿ ಮಾರಾಯ್ರೇ. ಒಂದ್ಸಲ ಕ್ಯಾಲ್ಸಿಯಂ 3.1, ಪೊಟ್ಯಾಶಿಯಂ 14 ಬಂತು, ಗಾಬರಿಯಾಗಿ ವಾರ್ಡಿಗೆ ಓಡಿದ್ರೆ ಪೇಷಂಟು ಮಂಚದ ಮೇಲೆ ಚಕ್ಳಮಕ್ಳ ಹಾಕ್ಕೊಂಡು ಉಪ್ಪಿಟ್ಟು ತಿಂತಿದ್ರು! ನೇರಳೆ ಮುಚ್ಚಳದ ಟ್ಯೂಬಿಂದ ರಕ್ತಾನ ಯಾರೋ ಕೆಂಪು ಮುಚ್ಚಳದ್ದಕ್ಕೆ ಬಗ್ಗಿಸಿದ್ರು, ಅದ್ರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹಾಕಿರೋ ಇಡಿಟಿಎ ಅನ್ನೋ ಕೆಮಿಕಲ್ಲು ಕ್ಯಾಲ್ಸಿಯಂನೆಲ್ಲಾ ಹಿಡ್ಕೊಂಡ್ಬಿಡತ್ತೆ, ಅದರ ಉಪ್ಪಲ್ಲಿರೋ ಪೊಟ್ಯಾಶಿಯಂ ಏರತ್ತೆ.

ಹೊರರೋಗಿದು ಇನ್ನೊಂದು ಗೋಳು. ಮೂಡಿಗೆರೆ ಕಡೆ ಎಸ್ಟೇಟಿಂದ ಬಂದು ರಕ್ತ ಕೊಟ್ಟು ಬಸ್ ಹತ್ತಿರ್ತಾರೆ, ಸಂಜೆ ಕ್ಯಾಲ್ಸಿಯಂ 14 ಬರತ್ತೆ, ಫೋನ್ ಮಾಡಿದ್ರೆ ನಾಟ್ ರೀಚಬಲ್. ಅದಕ್ಕೇ ಎರಡು ನಂಬರ್ ಬರ್ಸ್ಕೊಳ್ಳಿ, ಒಂದು ಸಿಗ್ನಲ್ ಇರೋ ಜಾಗದ್ದು. ಆ ಕಡೆಯೋರು ರಿಸಲ್ಟನ್ನ ತಿರುಗಿ ಹೇಳೋವರ್ಗೂ ಫೋನ್ ಇಡ್ಬೇಡಿ.

ಪ್ರಶ್ನೆ: ಕ್ಯಾಲ್ಸಿಯಂ 11.4 ಬಂದಿದೆ, ಹಾಲು ಬಿಡ್ಲಾ?

ಉತ್ತರ: ಹಾಲಿನ ತಪ್ಪಲ್ಲ, ಪಿಟಿಎಚ್ (ಕ್ಯಾಲ್ಸಿಯಂ ಏರ್ಸೋ ಪ್ಯಾರಾಥೈರಾಯ್ಡ್ ಹಾರ್ಮೋನು) ಟೆಸ್ಟ್ ಮಾಡ್ಸಿ.

ಪ್ರಶ್ನೆ: ದಿನಾ ಗೋಧಿ ಕಾಳಷ್ಟು ಸುಣ್ಣ ತಿಂದ್ರೆ ಮೂಳೆ ಗಟ್ಟಿ ಅಂತ ವಾಟ್ಸಾಪಲ್ಲಿ ಬಂದಿದೆ, ನಿಜಾನಾ?

ಉತ್ತರ: ಸುಣ್ಣ ಗೋಡೆಗೆ. ಎಲೆಅಡಿಕೆ ಜೊತೆ ವಿಪರೀತ ಸುಣ್ಣ ತಿಂದು ಕ್ಯಾಲ್ಸಿಯಂ ಏರಿ ಕಿಡ್ನಿ ಕೆಡಿಸ್ಕೊಂಡೋರು ಇದ್ದಾರೆ, ಇದನ್ನ ಫಾರ್ವರ್ಡ್ ಮಾಡಿ ಬೇಕಾದ್ರೆ.