ಗೇಲಾರ್ಡ್‌ನಲ್ಲಿ 10 ಇಂಚು ಸ್ನೋ ಇದೆಯಂತೆ, ಈ ವೀಕೆಂಡ್ ಸ್ನೋಮೊಬೈಲ್ ಓಡಿಸೋಕೆ ಹೋಗಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಷ್ಟು ಹೀಗಿದೆ. ನೀವು ಮಿಶಿಗನ್‌ನ ನೋವೈನಲ್ಲಿದ್ದೀರಿ. ನಾಲ್ಕು ಜನ ಗೆಳೆಯರು, ಒಬ್ಬರೂ ಇದುವರೆಗೆ ಸ್ನೋಮೊಬೈಲ್ (ಸ್ನೋ ಮೇಲೆ ಓಡಿಸುವ ಮೋಟಾರು ಗಾಡಿ) ಮುಟ್ಟಿಲ್ಲ. ಫೆಬ್ರುವರಿಯ ಒಂದು ಶನಿವಾರ-ಭಾನುವಾರ ಗೇಲಾರ್ಡ್ ಕಡೆ ಹೋಗಬೇಕು ಅಂತಿದ್ದೀರಿ. ಅಲ್ಲಿನ ಸ್ನೋಮೊಬೈಲ್ ದಾರಿಗಳ ರಿಪೋರ್ಟಿನಲ್ಲಿ "10 ಇಂಚು, ಗುಡ್" ಅಂತ ಹಾಕಿದ್ದಾರೆ. ಅದನ್ನು ನಂಬಿ ಬುಕ್ ಮಾಡಬಹುದಾ?

ಬಾಡಿಗೆ ಗಾಡಿ ಕಾಯ್ದಿರಿಸಿ, ಆದರೆ ಆ ರಿಪೋರ್ಟನ್ನು ನಂಬಿ ಅಲ್ಲ. ದುಡ್ಡು ಕಟ್ಟುವ ಮೊದಲು, ಸ್ನೋ ಇಲ್ಲದೆ ರದ್ದು ಮಾಡಿದರೆ ಎಷ್ಟು ವಾಪಸ್ ಕೊಡುತ್ತಾರೆ ಅಂತ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ನಂಬಿ ನಾನು ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ.

ನಮ್ಮ ಮೊದಲ ಟ್ರಿಪ್ಪಿನಲ್ಲೂ ರಿಪೋರ್ಟು ಇದೇ 10 ಇಂಚು ಹೇಳಿತ್ತು. ನಾನು ಮತ್ತು ನನ್ನ ಹೆಂಡತಿ ಶನಿವಾರ ಮಧ್ಯಾಹ್ನ 1 ಗಂಟೆಗೆ ಗಾಡಿ ಹತ್ತಿದೆವು. ಗೇಲಾರ್ಡ್‌ನಿಂದ ಮ್ಯಾಕಿನಾ ಸಿಟಿವರೆಗೆ ಹಳೆಯ ರೈಲು ಹಳಿಯ ಜಾಗದಲ್ಲಿ 62 ಮೈಲಿಯ ಟ್ರೇಲ್ ಇದೆಯಲ್ಲ, ಅದರಲ್ಲಿ. ನೇರ ದಾರಿ, ದೊಡ್ಡ ಏರಿಲ್ಲ, ಹೊಸಬರಿಗೆ ಸಲೀಸು ಅಂದುಕೊಂಡಿದ್ದೆ. ಐದಾರು ಮೈಲಿ ಆದಮೇಲೆ ಶುರುವಾಯಿತು ನೋಡಿ. ಬೆಂಗಳೂರಿನ ಒಳರಸ್ತೆಯ ಹಂಪುಗಳನ್ನೆಲ್ಲ ಕಿತ್ತು ತಂದು ಹತ್ತು ಅಡಿಗೊಂದರಂತೆ ಸಾಲಾಗಿ ಇಟ್ಟ ಹಾಗೆ. ಇವಕ್ಕೆ ಇಲ್ಲಿನವರು ಮೊಗಲ್ ಅನ್ನುತ್ತಾರೆ. ಗಂಟೆಗೆ 12 ಮೈಲಿಗಿಂತ ಜಾಸ್ತಿ ಹೋಗಲು ಆಗಲಿಲ್ಲ. ಹಿಂದೆ ಕೂತವಳು ಪ್ರತಿ ಹಂಪಿಗೂ ನನ್ನ ಬೆನ್ನಿಗೆ ಹೆಲ್ಮೆಟ್ಟಿನಿಂದ ಗುದ್ದುತ್ತಿದ್ದಳು. ಎಷ್ಟು ಬೇಕಂತಲೇ, ಎಷ್ಟು ಗೊತ್ತಿಲ್ಲದೆ ಅಂತ ಇವತ್ತಿಗೂ ಹೇಳಿಲ್ಲ.

ರಿಪೋರ್ಟು ಸುಳ್ಳು ಹೇಳಿರಲಿಲ್ಲ. ಸ್ನೋ 10 ಇಂಚು ಇತ್ತು. ಆದರೆ ಬೆಳಗ್ಗಿನಿಂದ ನೂರಾರು ಗಾಡಿ ಅದರ ಮೇಲೆ ಓಡಿದ್ದವು. ಪ್ರತಿಯೊಬ್ಬರೂ ಎಕ್ಸಲರೇಟರ್ ಒತ್ತಿದಾಗ ಗಾಡಿಯನ್ನು ಓಡಿಸುವ ಕೆಳಗಿನ ರಬ್ಬರ್ ಪಟ್ಟಿ ಸ್ನೋ ಕೆರೆದು ಹಿಂದಕ್ಕೆ ಗುಡ್ಡೆ ಹಾಕುತ್ತದೆ. ಬ್ರೇಕ್ ಹಿಡಿದಾಗ ಮುಂದಕ್ಕೆ ತಳ್ಳುತ್ತದೆ. ಒಂದು ಗುಡ್ಡೆ ಆಯಿತೆಂದರೆ ಮುಂದಿನ ಗಾಡಿ ಅದರ ಮೇಲೆ ಜಿಗಿದು ಇಳಿಯುವಲ್ಲಿ ಇನ್ನೊಂದು.

ಇದನ್ನು ಸರಿ ಮಾಡಲು ರಾತ್ರಿ ಹೊತ್ತು ಗ್ರೂಮರ್ ಓಡಿಸುತ್ತಾರೆ. ನಮ್ಮೂರಲ್ಲಿ ಎತ್ತು ಕಟ್ಟಿ ಕುಂಟೆ ಹೊಡೆಯುವುದಿಲ್ಲವೇ, ಹೆಚ್ಚುಕಮ್ಮಿ ಅದೇ ಕೆಲಸ. ದೊಡ್ಡ ಟ್ರಾಕ್ಟರ್ ಹಿಂದೆ ಬ್ಲೇಡುಗಳಿರುವ ಉದ್ದದ ಚೌಕಟ್ಟು. ಅದು ಗುಡ್ಡೆ ಕತ್ತರಿಸಿ, ಗುಂಡಿ ತುಂಬಿ, ಕೊನೆಗೆ ಒತ್ತಿ ಮಟ್ಟ ಮಾಡುತ್ತದೆ. ಮುಗಿದ ತಕ್ಷಣ ಓಡಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಸಗಣಿ ಸಾರಿಸಿದ ಅಂಗಳ ಒಣಗುವ ಮುಂಚೆ ಕಾಲಿಟ್ಟರೆ ಅಜ್ಜಿ ಬೈಯುತ್ತಿದ್ದಳಲ್ಲ, ಹಾಗೆಯೇ. ಕೆಲವು ಗಂಟೆ ಚಳಿಯಲ್ಲಿ ಬಿಟ್ಟರೆ ಮಾತ್ರ ಗಟ್ಟಿಯಾಗುತ್ತದೆ.

ಹಾಗಾಗಿ ಹೊರಡುವ ಮೊದಲು ಗುರುವಾರ ಸಂಜೆ ಅಲ್ಲಿಗೆ ಫೋನ್ ಮಾಡಿ, ಆಗ "ಎಷ್ಟು ಸ್ನೋ ಇದೆ" ಅಂತ ಕೇಳಬೇಡಿ. "ಗ್ರೂಮರ್ ಕೊನೆಗೆ ಯಾವಾಗ ಹೋಯಿತು, ಆಮೇಲೆ ರಾತ್ರಿ ಎಷ್ಟು ಡಿಗ್ರಿ ಇತ್ತು" ಅಂತ ಕೇಳಿ. ಇದನ್ನು ಹೋಟೆಲಿನವರ ಹತ್ತಿರ ಕೇಳಿ ಉಪಯೋಗವಿಲ್ಲ. ರೂಮು ಖಾಲಿ ಇರುವವರಿಗೆ ಟ್ರೇಲ್ ಯಾವತ್ತೂ ಚೆನ್ನಾಗಿಯೇ ಇರುತ್ತದೆ! ಟ್ರೇಲ್ ಪಕ್ಕದ ಪೆಟ್ರೋಲ್ ಬಂಕಿಗೆ ಅಥವಾ ಅಲ್ಲಿನ ಸ್ನೋಮೊಬೈಲ್ ಕ್ಲಬ್ಬಿಗೆ ಕೇಳಿ. ಬಹಳ ಕಡೆ ಗ್ರೂಮರ್ ಓಡಿಸುವುದು ಕ್ಲಬ್ಬಿನವರೇ. ಹಾಗೆಯೇ ಹಿಂದಿನ ಐದು ದಿನದ ತಾಪಮಾನ ನೀವೇ ನೋಡಿ. ಮಧ್ಯೆ ಒಂದು ದಿನ 40 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿ, ಮತ್ತೆ ರಾತ್ರಿ ಹೆಪ್ಪುಗಟ್ಟಿದ್ದರೆ ಅದು ಸ್ನೋ ಅಲ್ಲ, ಐಸ್.

ಐಸ್ ಆದರೆ ಜಾರುವುದು ಮಾತ್ರ ತೊಂದರೆಯಲ್ಲ. ಈಗಿನ ಬಹುಪಾಲು ಗಾಡಿಗಳಿಗೆ ಕಾರಿನಂತೆ ಮುಂದೆ ರೇಡಿಯೇಟರ್ ಇರುವುದಿಲ್ಲ. ಪಟ್ಟಿಯಿಂದ ಮೇಲಕ್ಕೆ ಹಾರುವ ಸ್ನೋ ಕೆಳಗಿನ ಕೂಲರ್‌ಗೆ ಬಡಿದೇ ಎಂಜಿನ್ ತಣ್ಣಗಾಗುವುದು. ಐಸ್ ಮೇಲೆ ಪುಡಿಯೇ ಏಳದಿದ್ದರೆ ತಣ್ಣಗಾಗುವುದೆಲ್ಲಿಂದ? ಅವತ್ತು ನಮ್ಮ ಗಾಡಿಯ ಕೆಂಪು ದೀಪ ಹತ್ತಿಕೊಂಡಾಗ ನಾನು ಎಂಜಿನ್ ಕೆಟ್ಟಿತು ಅಂತ ತಲೆ ಮೇಲೆ ಕೈ ಇಟ್ಟು ಕೂತೆ. ದಾರಿಯಲ್ಲಿ ಬಂದ ಒಬ್ಬ ಅಜ್ಜ ನಿಲ್ಲಿಸಿ, ನಕ್ಕು, ಎರಡು ಕೈಯಲ್ಲಿ ಸ್ನೋ ತುಂಬಿ ಕೂಲರ್ ಮೇಲೆ ಹಾಕಿದರು. ಆಮೇಲೆ ಟ್ರೇಲಿನ ಬಲ ಅಂಚಿನ ಮೆತ್ತಗಿನ ಸ್ನೋನಲ್ಲಿ ಆಗಾಗ ಓಡಿಸು ಅಂದರು. ಐಸ್ ಕೆರೆದು ಪುಡಿ ಎಬ್ಬಿಸುವ ತಂತಿ ಬರುತ್ತದೆ, ಸ್ಕ್ರ್ಯಾಚರ್ ಅಂತ. ಬಾಡಿಗೆ ಗಾಡಿಗೆ ಅದಿದೆಯಾ ಅಂತ ಕೇಳಿ.

ಶನಿವಾರ ಬೆಳಗ್ಗೆ 8ಕ್ಕೆ ಗಾಡಿ ಮೇಲಿರಿ. ಅದಕ್ಕೆ ಶುಕ್ರವಾರ ರಾತ್ರಿಯೇ ಅಲ್ಲಿ ತಲುಪಬೇಕು, ನೋವೈನಿಂದ ಮೂರು-ಮೂರೂವರೆ ಗಂಟೆ. ಒಂದು ದಿನ ರಜೆ ಹಾಕಿ ಶುಕ್ರವಾರವೇ ಓಡಿಸಿದರೆ ಇನ್ನೂ ಒಳ್ಳೆಯದು. ಮೊದಲ ದಿನ 50-60 ಮೈಲಿ ಸಾಕು. ನಕ್ಷೆಯಲ್ಲಿ ಸಣ್ಣದಾಗಿ ಕಾಣುತ್ತದೆ, ಆದರೆ ಎಕ್ಸಲರೇಟರ್ ಇರುವುದು ಬಲಗೈ ಹೆಬ್ಬೆರಳಿನ ಕೆಳಗೆ. ಸಂಜೆ ಹೊತ್ತಿಗೆ ಆ ಬೆರಳಲ್ಲಿ ಚಮಚ ಹಿಡಿಯಲೂ ಆಗುವುದಿಲ್ಲ.

ಮಿಶಿಗನ್ನಿನಲ್ಲಿ ಹೆಲ್ಮೆಟ್ ಕಡ್ಡಾಯ. ಟ್ರೇಲ್ ಪರ್ಮಿಟ್ ಕೂಡ ಬೇಕು, ಬಾಡಿಗೆ ಗಾಡಿಗೆ ಸ್ಟಿಕ್ಕರ್ ಅಂಟಿಸಿದ್ದಾರಾ ನೋಡಿಕೊಳ್ಳಿ. ಚಳಿಯ ಲೆಕ್ಕ ಇದು: ಹೊರಗೆ 10 ಡಿಗ್ರಿ ಫ್ಯಾರನ್‌ಹೀಟ್ ಇದ್ದು ನೀವು 30 ಮೈಲಿ ವೇಗದಲ್ಲಿ ಹೋದರೆ ಮೈಗೆ ತಾಗುವುದು ಮೈನಸ್ 12. ಒಳಗೆ ಹತ್ತಿಬಟ್ಟೆ, ಜೀನ್ಸ್ ಬೇಡವೇ ಬೇಡ. ಬೆವರಿ ಒದ್ದೆಯಾದರೆ ಮುಗಿಯಿತು.

ಒಂದು ವಿಷಯದಲ್ಲಿ ನನ್ನ ಹತ್ತಿರ ರಾಜಿ ಇಲ್ಲ. ಕೆರೆ ಮೇಲೆ ಹತ್ತಬೇಡಿ. ತಿಳಿಯಾದ ಗಟ್ಟಿ ಐಸ್ 5ರಿಂದ 7 ಇಂಚು ಇದ್ದರೆ ಸ್ನೋಮೊಬೈಲ್ ತಡೆಯುತ್ತದೆ ಅನ್ನುವ ಲೆಕ್ಕವಿದೆ. ಆದರೆ ಒಂದೇ ಕೆರೆಯಲ್ಲಿ ಇಲ್ಲಿ 8 ಇಂಚು, ಹಳ್ಳ ಸೇರುವ ಕಡೆ 2 ಇಂಚು ಇರಬಹುದು, ಮೇಲೆ ಸ್ನೋ ಬಿದ್ದಿದ್ದರೆ ಎರಡೂ ಒಂದೇ ತರಹ ಕಾಣುತ್ತವೆ. ಮುಂದೆ ಹೋದವನ ಗುರುತು ಇದೆ ಅಂತ ಹಿಂದೆ ಹೋಗಬೇಡಿ.

ಗುರುವಾರದ ಫೋನಿನಲ್ಲಿ ಉತ್ತರ ಸರಿ ಬರದಿದ್ದರೆ ಮ್ಯಾಕಿನಾ ಸೇತುವೆ ದಾಟಿ ಅಪ್ಪರ್ ಪೆನಿನ್ಸುಲಾದ (ಮಿಶಿಗನ್ನಿನ ಉತ್ತರ ಭಾಗ) ಪ್ಯಾರಡೈಸ್ ಊರಿನ ಕಡೆ ನೋಡಿ, ಸುಪೀರಿಯರ್ ಸರೋವರದ ಗಾಳಿಯಿಂದ ಅಲ್ಲಿ ಸ್ನೋ ಜಾಸ್ತಿ. ಅದೇ ಭಾಗದ ಹೋಟನ್, ಕಾಪರ್ ಹಾರ್ಬರ್ ಇನ್ನೂ ಚೆಂದ, ಆದರೆ ಎರಡು ದಿನಕ್ಕೆ ಆಗುವ ದೂರವಲ್ಲ. ಅಲ್ಲೂ ಗ್ಯಾರಂಟಿ ಇಲ್ಲ ಬಿಡಿ. 2024ರ ಚಳಿಗಾಲದಲ್ಲಿ ಸ್ನೋ ಸಾಲದೆ ಅಲ್ಲಿನ ನಾಯಿಬಂಡಿ ಓಟಗಳೇ ರದ್ದಾದವು.

ಊಟಕ್ಕೆ ಟ್ರೇಲ್ ಪಕ್ಕದ ಬಾರುಗಳಲ್ಲಿ ಬರ್ಗರ್, ಫ್ರೈಸ್ ಸಿಗುತ್ತದೆ. ವೆಜ್ ಇರುವವರು ಚಪಾತಿ ಸುತ್ತಿ ಜಾಕೆಟ್ ಒಳಗೆ ಇಟ್ಟುಕೊಳ್ಳಿ, ಗಾಡಿಯ ಹಿಂದಿನ ಬ್ಯಾಗಿನಲ್ಲಿ ಬೇಡ. ನಾವು ಅದರಲ್ಲಿ ಚಿತ್ರಾನ್ನ ಇಟ್ಟಿದ್ದೆವು. ಮಧ್ಯಾಹ್ನ 3ಕ್ಕೆ ಡಬ್ಬಿ ತೆಗೆದರೆ ಅನ್ನ ಯಾವುದು, ಕಡಲೆಬೀಜ ಯಾವುದು ಅಂತ ಹಲ್ಲಿಗೂ ಗೊತ್ತಾಗಲಿಲ್ಲ.