2, 6, 12, 20... ಮುಂದೇನು ಅಂತ ಮಗಳಿಗೆ ಹೇಗೆ ಹೇಳಿಕೊಡಲಿ?

ಮಗಳು ನಾಲ್ಕನೇ ಕ್ಲಾಸು, 2, 6, 12, 20 ಆದಮೇಲೆ ಏನು ಅಂದರೆ ಸುಮ್ನೆ ಬಾಯಿಗೆ ಬಂದ ಸಂಖ್ಯೆ ಹೇಳುತ್ತಾಳೆ ಅಂತ ಬರೆದಿದ್ದೀರಿ. ಉತ್ತರ 30. ಪಕ್ಕಪಕ್ಕದ ಸಂಖ್ಯೆಗಳನ್ನು ಕಳೆದರೆ 4, 6, 8 ಸಿಗುತ್ತದೆ, ಹಾಗಾಗಿ ಮುಂದಿನದು 10. ಇಷ್ಟನ್ನು ಯಾವ ಗೈಡಿನಲ್ಲಾದರೂ ಕೊಟ್ಟಿರುತ್ತಾರೆ. ಆದರೆ ವ್ಯತ್ಯಾಸ ಎರಡೆರಡೇ ಯಾಕೆ ಜಾಸ್ತಿ ಆಗುತ್ತದೆ ಅನ್ನೋದು ಕಣ್ಣಿಗೆ ಕಾಣದಿದ್ದರೆ ಮಗು ಅದನ್ನೂ ಬಾಯಿಪಾಠ ಮಾಡುತ್ತದೆ, ಅಷ್ಟೇ.

ಮಂಡ್ಯದ ನಮ್ಮ ಮನೆಯಲ್ಲಿ ತಂಗಿ ಮಗಳಿಗೂ ಇದೇ ಲೆಕ್ಕ ಕೈಕೊಟ್ಟಿತ್ತು. ಅಳಗುಳಿಮಣೆ ಆಡೋಕೆ ಇಟ್ಟಿದ್ದ ಹುಣಸೆಬೀಜದ ಡಬ್ಬಿ ತಂದು ಜಗಲಿ ಮೇಲೆ ಸುರಿದೆ. ಮೊದಲು ಒಂದೇ ಸಾಲು, 2 ಬೀಜ. ಆಮೇಲೆ ಮೂರು ಮೂರು ಬೀಜದ 2 ಸಾಲು, 6 ಆಯಿತು. ನಾಲ್ಕು ನಾಲ್ಕರ 3 ಸಾಲು, 12. "ಇದನ್ನ ಅಲುಗಾಡಿಸದೆ 20 ಮಾಡು ನೋಡೋಣ" ಅಂದೆ. ಕೆಳಗೆ ಇನ್ನೊಂದು ಸಾಲು ಅಂತ 4 ಇಟ್ಟಳು. ಚೌಕ ಆಯಿತು, 16. ಸ್ವಲ್ಪ ಹೊತ್ತು ಒಂದು ಬೀಜವನ್ನು ನೆಲಕ್ಕೆ ಉಜ್ಜುತ್ತಾ ಕೂತಳು. ಆಮೇಲೆ ಬಲಗಡೆ ಮೇಲಿಂದ ಕೆಳಗೆ ಮತ್ತೆ 4 ಇಟ್ಟು, "ಮಾವ, ಮುಂದಿನ ಸಲ ಕೆಳಗೆ 5, ಪಕ್ಕಕ್ಕೆ 5!" ಅಂದಳು. 10 ಎಲ್ಲಿಂದ ಬಂತು ಅಂತ ನಾನು ಹೇಳಬೇಕಾಗಲೇ ಇಲ್ಲ. 1×2, 2×3, 3×4, 4×5 ಅನ್ನೋದೂ ಅಲ್ಲೇ ಜಗಲಿ ಮೇಲೆ ಕೂತಿತ್ತು. ಹಳೇ ಕಾಲದ ಗ್ರೀಕ್ ಗಣಿತಜ್ಞ ಪೈಥಾಗೊರಸ್ ಕಡೆಯವರೂ ಬೆಣಚುಕಲ್ಲು ಜೋಡಿಸಿಯೇ ಸಂಖ್ಯೆಗಳ ಆಕಾರ ನೋಡುತ್ತಿದ್ದರಂತೆ. ನಮಗೆ ಹುಣಸೆಬೀಜ ಇದೆಯಲ್ಲ.

ಇನ್ನೊಂದು ಮಾತು. ಉತ್ತರ ತಪ್ಪು ಅನ್ನೋ ಮುಂಚೆ "ಅದು ಹೇಗೆ ಬಂತು?" ಅಂತ ಕೇಳಿ. ನಾನು ಚಿಕ್ಕವನಿದ್ದಾಗ 1, 2, 4 ಆದಮೇಲೆ 7 ಅಂತ ಬರೆದಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಟು ಎಳೆದು 8 ಅಂತ ತಿದ್ದಿದರು. ಎರಡರಿಂದ ಗುಣಿಸುತ್ತಾ ಹೋದರೆ 8 ಸರಿ. ನಾನು ಮೊದಲು 1, ಆಮೇಲೆ 2, ಆಮೇಲೆ 3 ಕೂಡಿಸಿದ್ದೆ. 7 ಕೂಡ ಸರಿಯೇ, ಅಲ್ವಾ? ಮೂರೇ ಸಂಖ್ಯೆ ಕೊಟ್ಟು, ನಿಯಮ ಹೇಳದೆ, ಒಂದೇ ಉತ್ತರ ಬೇಕು ಅಂದರೆ ತಪ್ಪು ಪ್ರಶ್ನೆಯದು. ಆ ಕೆಂಪು ಗೀಟು ನನಗಿನ್ನೂ ಮರೆತಿಲ್ಲ.

ಹುಣಸೆಬೀಜ ಸಿಗದಿದ್ದರೆ ಅವರೆಕಾಳು ಆಗುತ್ತದೆ, ಶರ್ಟಿನ ಗುಂಡಿ ಆಗುತ್ತದೆ. ಹುರಿದ ಕಡಲೆಬೀಜ ಮಾತ್ರ ಬೇಡ. ನಾಲ್ಕನೇ ಸಾಲು ಜೋಡಿಸೋ ಹೊತ್ತಿಗೆ ಮೊದಲನೇ ಸಾಲು ಮಾಯವಾಗಿರುತ್ತದೆ.