ಸಂಪಾದಕರ ಉತ್ತರ: ದಂಡೆಗೆ ದೀಪ ಬೇಡ ಮಾರಾಯ್ರೆ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ರಜೆಯಲ್ಲಿ ಮನೆಯವರೆಲ್ಲ ಕುಮಟಾ ಕಡೆ ಹೋಗಿದ್ದೆವು. ಯಾರೋ ಹೇಳಿದರೆಂದು ಒಂದು ಬೀಚಿಗೆ ಇಳಿದರೆ ಅಲ್ಲಿ ಏನೂ ಇಲ್ಲ. ಕೂರಲು ಬೆಂಚಿಲ್ಲ, ಅಂಗಡಿ ಇಲ್ಲ, ಶೌಚಾಲಯ ಇಲ್ಲ. ಏಳು ಗಂಟೆಗೆ ಕಗ್ಗತ್ತಲು. ಪಕ್ಕದ ಗೋವಾ ನೋಡಿ ನಾವು ಕಲಿಯುವುದು ಯಾವಾಗ? ಇಷ್ಟು ಉದ್ದದ ಕರಾವಳಿ ಸುಮ್ನೆ ಹಾಳು ಬಿದ್ದಿದೆ. ನೀವು ಪತ್ರಿಕೆಯವರು ಇದನ್ನು ಯಾಕೆ ಬರೆಯುವುದಿಲ್ಲ? ಅಂದ ಹಾಗೆ, ಮುಂದಿನ ಸಲ ಯಾವ ತಿಂಗಳು ಹೋದರೆ ಒಳ್ಳೆಯದು?"

ನಿಮ್ಮ ಕಾಗದ ಎರಡು ಸಲ ಓದಿದೆ. ಮಕ್ಕಳನ್ನು ಕರೆದುಕೊಂಡು ಅಷ್ಟು ದೂರ ಕಡಲು ನೋಡಲು ಬಂದಿರಲ್ಲ, ಅದಕ್ಕೇ ಖುಷಿಯಾಯಿತು. ಶೌಚಾಲಯದ ಮಾತು ನೂರಕ್ಕೆ ನೂರು ಸರಿ. ಹೆಂಗಸರು, ಮಕ್ಕಳು, ವಯಸ್ಸಾದವರು ಬರುವ ಜಾಗದಲ್ಲಿ ಅದು ಇರಲೇಬೇಕು. ಎಲ್ಲಿ ನೀರಿಗೆ ಇಳಿಯಬಾರದು ಎಂದು ಹೇಳುವ ಬೋರ್ಡು ಬೇಕು, ಕಾಯುವ ಜನ ಬೇಕು. ಅಂಗಡಿ ರಸ್ತೆಯ ಬದಿಗೆ ಇರಲಿ. ಇಷ್ಟಕ್ಕೆ ನನ್ನ ತಕರಾರಿಲ್ಲ.

ಆದರೆ "ಅಲ್ಲಿ ಏನೂ ಇಲ್ಲ" ಅಂದುಬಿಟ್ಟಿರಿ. ಆ ಒಂದು ಮಾತು ನನಗೆ ತಾಗಿತು.

ನಾನು ಹುಟ್ಟಿದ ಮನೆಯಿಂದ ಕಡಲಿಗೆ ಹತ್ತು ನಿಮಿಷದ ದಾರಿ. ನಮ್ಮ ಕಡೆ ಆ ಮರಳಿನ ಜಾಗಕ್ಕೆ ಬೇಲೆ ಅನ್ನುತ್ತಾರೆ. ಇಳಿತದ ಹೊತ್ತಿನಲ್ಲಿ ಬೇಲೆಗೆ ಹೋಗಿ ಕೆಳಗೆ ನೋಡಿ. ಉಗುರಿನಷ್ಟು ಸಣ್ಣ ಏಡಿಗಳು ಮರಳನ್ನು ಸಾಸಿವೆ ಗಾತ್ರದ ಉಂಡೆ ಮಾಡಿ ಬಿಲದ ಸುತ್ತ ರಂಗೋಲಿಯ ಹಾಗೆ ಹರಡಿರುತ್ತವೆ. ಮರಳಿನಲ್ಲಿದ್ದ ಆಹಾರ ತಿಂದು, ಉಳಿದ ಮರಳನ್ನು ಉಂಡೆ ಕಟ್ಟಿ ಬಿಡುವುದು ಅವುಗಳ ಕೆಲಸ. ಉಬ್ಬರ ಬಂದು ಎಲ್ಲ ಅಳಿಸುತ್ತದೆ, ಮತ್ತೆ ಶುರು ಮಾಡುತ್ತವೆ. ಸ್ವಲ್ಪ ಮೇಲೆ ಬಂದರೆ ಆಡಿನ ಗೊರಸಿನ ಹಾಗೆ ಎಲೆ ಸೀಳಿದ, ನೇರಳೆ ಹೂ ಬಿಡುವ ಬಳ್ಳಿ. ಮರಳು ಗಾಳಿಗೆ ಹಾರಿ ಹೋಗದಂತೆ ಹಿಡಿದು ಕೂತಿರುವುದು ಆ ಬಳ್ಳಿಯೇ. ಬೀಚನ್ನು "ಚಂದ" ಮಾಡಲು ಹೊರಟವರು ಮೊದಲು ಕಿತ್ತು ಹಾಕುವುದೂ ಅದನ್ನೇ. ಅದು ಅವರಿಗೆ ಕಳೆ.

ಇನ್ನು ಸದ್ದು. ನಮ್ಮ ಅಜ್ಜ ಮಳೆಗಾಲದ ರಾತ್ರಿ ಜಗಲಿಯಲ್ಲಿ ಕೂತು ಕಡಲಿನ ಕೂಗು ಕೇಳುತ್ತಿದ್ದರು. ಕೂಗು ಬಡಗಣ ದಿಕ್ಕಿನಿಂದಲೋ ತೆಂಕಣದಿಂದಲೋ ಎಂದು ಕಿವಿಗೊಟ್ಟು, ನಾಳೆ ಮಳೆ ಹೇಗೆ ಅನ್ನುತ್ತಿದ್ದರು. ನನಗೆ ಮೂವತ್ತು ವರ್ಷದಿಂದ ಬೆಂಗಳೂರು. ಜೂನ್ ಬಂದರೆ ಈಗಲೂ ರಾತ್ರಿ ಎಚ್ಚರಾಗುತ್ತದೆ. ಏನೋ ಕೇಳಬೇಕಿತ್ತು, ಕೇಳುತ್ತಿಲ್ಲ ಅನ್ನಿಸುತ್ತದೆ.

ನೀವು ಬೆಂಚು ಕೇಳಿದ್ದೀರಿ. ಬೆಂಚಿನ ಬೆನ್ನಿಗೇ ಕಟ್ಟೆ, ವಾಕಿಂಗ್ ಟ್ರ್ಯಾಕ್ ಬರುತ್ತವೆ. ಕಡಲಿನ ಸ್ವಭಾವ ತಿಳಿದರೆ ಕೇಳುತ್ತಿರಲಿಲ್ಲವೇನೋ. ಆಷಾಢದಲ್ಲಿ ದೊಡ್ಡ ತೆರೆಗಳು ದಂಡೆಯ ಮರಳನ್ನು ಎಳೆದುಕೊಂಡು ಹೋಗುತ್ತವೆ. ಬೇಲೆ ಅರ್ಧಕ್ಕರ್ಧ ಕಾಣೆಯಾಗುತ್ತದೆ. ಚಿಕ್ಕವನಿದ್ದಾಗ ನನಗೆ ಭಯವಾಗುತ್ತಿತ್ತು. ಅಜ್ಜಿ ಹೇಳುತ್ತಿದ್ದರು, "ಹೆದರ್ಬೇಡ, ಕಡಲು ಸಾಲ ತಕಂಡು ಹೋಗ್ತದೆ, ದೀಪಾವಳಿಗೆ ವಾಪಸ್ ಕೊಡ್ತದೆ." ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಆ ಮರಳು ದೂರ ಹೋಗಿರುವುದಿಲ್ಲ. ದಂಡೆಯ ಎದುರಿಗೇ ನೀರಿನ ಅಡಿಯಲ್ಲಿ ದಿಬ್ಬವಾಗಿ ಕೂತಿರುತ್ತದೆ. ಮಳೆಗಾಲ ಮುಗಿದ ಮೇಲೆ ಸಣ್ಣ ತೆರೆಗಳು ಅದನ್ನು ದಿನವೂ ಸ್ವಲ್ಪ ಸ್ವಲ್ಪ ತಳ್ಳಿ ವಾಪಸು ತರುತ್ತವೆ. ಈ ಕೊಡು-ಕೊಳ್ಳುವ ಜಾಗದಲ್ಲಿ ನಾವು ಕಟ್ಟೆ ಕಟ್ಟುತ್ತೇವೆ. ಜುಲೈ ತಿಂಗಳಿನಲ್ಲಿ ಅದು ಕುಸಿಯುತ್ತದೆ. "ಕಡಲ ಕೊರೆತ" ಎಂದು ಸುದ್ದಿ ಬರುತ್ತದೆ. ಆಮೇಲೆ ಕಟ್ಟೆ ಉಳಿಸಲು ಕಲ್ಲಿನ ತಡೆಗೋಡೆ. ತೆರೆ ಕಲ್ಲಿಗೆ ಬಡಿದು ಅಷ್ಟೇ ರಭಸದಲ್ಲಿ ವಾಪಸಾಗುವಾಗ ಗೋಡೆಯ ಬುಡದ ಮರಳನ್ನೇ ಕೆದರುತ್ತದೆ. ಗೋಡೆ ಮುಗಿದಲ್ಲಿ ಪಕ್ಕದವನ ತೆಂಗಿನ ತೋಟ ಕೊರೆಯಲು ಶುರು. ಅವನೂ ಗೋಡೆ ಕೇಳುತ್ತಾನೆ. ಉಳ್ಳಾಲದ ಕಡೆ ಒಮ್ಮೆ ನಡೆದು ನೋಡಿ, ಕಡಲು ಇದೆ, ಕಲ್ಲಿದೆ, ಎಷ್ಟೋ ಕಡೆ ದಂಡೆಯೇ ಇಲ್ಲ. ಮನೆ ಕಳೆದುಕೊಳ್ಳುವ ಬಡವರಿಗೆ ಗೋಡೆ ಬೇಡ ಎನ್ನುವಷ್ಟು ಕಲ್ಲು ಮನಸ್ಸು ನನ್ನದಲ್ಲ. ಮರವಂತೆಯಲ್ಲಿ ಒಂದು ಪಕ್ಕ ಸೌಪರ್ಣಿಕಾ ನದಿ, ಇನ್ನೊಂದು ಪಕ್ಕ ಸಮುದ್ರ, ನಡುವೆ ಹೆದ್ದಾರಿ 66. ಅಲ್ಲಿ ಕಲ್ಲು ಹಾಕದೆ ದಾರಿಯಿಲ್ಲ. ಆದರೆ ಗೋಡೆ ಬೇಡದ ಜಾಗದಲ್ಲಿ ಗೋಡೆ ಬೇಕಾಗುವಂತೆ ಮಾಡಬೇಡಿ ಅಂತ ಮಾತ್ರ ಹೇಳುತ್ತಿದ್ದೇನೆ.

ಇದು ನನ್ನೊಬ್ಬನ ಹುಚ್ಚಲ್ಲ. ಇಂದಿರಾ ಗಾಂಧಿ 1981ರ ನವೆಂಬರಿನಲ್ಲಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಒಂದು ಪತ್ರ ಬರೆದರು. ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ದಂಡೆಯನ್ನು ಖಾಲಿ ಬಿಡಿ ಎನ್ನುವುದು ಅದರ ಸಾರ. ಕರಾವಳಿ ನಿಯಂತ್ರಣ ವಲಯದ ನಿಯಮ ಬಂದದ್ದು ಅದಾಗಿ ಹತ್ತು ವರ್ಷಕ್ಕೆ, 1991ರಲ್ಲಿ. ಹಳ್ಳಿಗಳ ಕಡೆ 200 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ ಎಂದಿತ್ತು. 2019ರ ಹೊಸ ನಿಯಮದಲ್ಲಿ, ಜನ ಜಾಸ್ತಿ ಇರುವ ಹಳ್ಳಿಗಳಿಗೆ ಅದನ್ನು 50 ಮೀಟರಿಗೆ ಇಳಿಸಿದರು. 500ರಿಂದ 50ಕ್ಕೆ! ಈ ನಡುವೆ ಕಡಲೇನು ಹಿಂದೆ ಸರಿದಿದೆಯೇ?

ಈಗ ನಿಮ್ಮ ಕಗ್ಗತ್ತಲಿನ ವಿಚಾರಕ್ಕೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಹೊನ್ನಾವರದ ಹತ್ತಿರ ಮೀನುಗಾರ ಗೆಳೆಯರೊಬ್ಬರು ಫೋನ್ ಮಾಡಿದರು, "ಇವತ್ತು ನಾಳೆಯಲ್ಲಿ ಮರಿ ಏಳ್ತವೆ, ಬನ್ನಿ." ಆಲಿವ್ ರಿಡ್ಲಿ ಕಡಲಾಮೆ ಚಳಿಗಾಲದ ರಾತ್ರಿ ದಂಡೆಗೆ ಬಂದು, ಹಿಂಗಾಲಿನಲ್ಲಿ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ಸುಮಾರು 50 ದಿನದಲ್ಲಿ ಮರಿ. ಅರಣ್ಯ ಇಲಾಖೆಯವರೂ ಊರಿನವರೂ ಸೇರಿ ಗೂಡಿಗೆ ಬಲೆ ಸುತ್ತಿ ಕಾಯುತ್ತಾರೆ. ಆ ರಾತ್ರಿ ಎರಡು ಗಂಟೆಗೆ ಮರಳು ಅಲುಗಿತು. ಅಂಗೈಗಿಂತ ಸಣ್ಣ ಮರಿಗಳು ಒಂದರ ಮೇಲೊಂದು ಬಂದವು. ಬಲೆ ತೆಗೆದರು. ಕತ್ತಲಲ್ಲಿ ಅವುಗಳಿಗೆ ಮುಖ್ಯ ಗುರುತು ಇದು. ಎಲ್ಲಿ ಬೆಳಕು ಜಾಸ್ತಿಯೋ ಅದು ಸಮುದ್ರ. ನಕ್ಷತ್ರದ ಬೆಳಕಿಗೆ ನೀರು ನೆಲಕ್ಕಿಂತ ಬೆಳ್ಳಗೆ ಕಾಣುತ್ತದಲ್ಲ, ಅದು. ಅಷ್ಟರಲ್ಲಿ ಹಿಂದೆ ದೂರದಲ್ಲಿ ಯಾರೋ ಅಂಗಳದ ಟ್ಯೂಬ್‌ಲೈಟ್ ಹಾಕಿದರು. ಏಳೆಂಟು ಮರಿ ಗಕ್ಕನೆ ತಿರುಗಿ, ಕಡಲಿಗೆ ಬೆನ್ನು ಹಾಕಿ, ಆ ದೀಪದ ಕಡೆ ಹೊರಟವು. ನಮ್ಮ ಗೆಳೆಯರು ಮರಳಲ್ಲಿ ಓಡಿದರು. ಅಂಗಳದ ಮುದುಕಿಗೆ ಅವರು ಕೂಗಿದ್ದು ಈಗಲೂ ಕಿವಿಯಲ್ಲಿದೆ, "ದೀಪ ತೆಗಿಯೇ ಅಬ್ಬೇ, ಮಕ್ಕಳು ದಾರಿ ತಪ್ತಿವೆ!" ದೀಪ ಆರಿತು. ಮರಿಗಳು ಸ್ವಲ್ಪ ಹೊತ್ತು ನಿಂತು, ಮತ್ತೆ ತಿರುಗಿದವು.

ಒಂದು ಟ್ಯೂಬ್‌ಲೈಟಿಗೆ ಹೀಗಾದರೆ ಹೈಮಾಸ್ಟ್ ಕಂಬಕ್ಕೆ ಏನಾಗುತ್ತದೆ, ನೀವೇ ಹೇಳಿ.

ಗೋವಾ ನೋಡಿ ಕಲಿಯಿರಿ ಅಂದಿರಿ. ಕಲಿಯೋಣ. ಕಾರವಾರ ದಾಟಿದರೆ ಸಿಗುವ ಕಾಣಕೋಣ ತಾಲ್ಲೂಕಿನಲ್ಲಿ ಗಾಲ್ಜಿಬಾಗ ಅಂತ ಒಂದು ದಂಡೆ ಇದೆ. ಕಡಲಾಮೆಗೆಂದೇ ಕಾಪಾಡಿಕೊಂಡಿರುವ ಜಾಗ. ಗಾಳಿಮರಗಳ ತೋಪು, ಅಗಲ ಮರಳು, ಅಷ್ಟೇ. ನೀವು ನೋಡಿ ಬಂದ ಗೋವಾ ಬೇರೆ ಇರಬೇಕು. ನಮ್ಮ ಕಾರವಾರವೂ ಒಂದು ಕಾಲಕ್ಕೆ ಗಾಲ್ಜಿಬಾಗದ ಹಾಗೇ ಇತ್ತು. ಇಪ್ಪತ್ತರ ಹರೆಯದ ರವೀಂದ್ರನಾಥ ಟ್ಯಾಗೋರರು, ತಮ್ಮ ಅಣ್ಣ ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಬಂದು ಉಳಿದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ, ವಾಪಸು ಮರಳಿನ ಮೇಲೆ ನಡೆದು ಮನೆ ಸೇರಿದ ರಾತ್ರಿಯನ್ನು ಅವರು ಮುಂದೆ ನೆನೆದು ಬರೆದರು. ಆ ದಂಡೆಗೆ ಅವರ ಹೆಸರನ್ನೇ ಇಟ್ಟಿದ್ದೇವೆ. ಅವರಿಗೆ ಸಿಕ್ಕಿದ ನಿಶ್ಶಬ್ದವನ್ನು ಉಳಿಸಿಕೊಳ್ಳಲಿಲ್ಲ. ಈಗ ಪಕ್ಕದಲ್ಲೇ ಹೆದ್ದಾರಿಯ ಲಾರಿಗಳು.

ಅಭಿವೃದ್ಧಿಯಾದರೆ ಊರವರಿಗೆ ಕೆಲಸ ಸಿಗುತ್ತದೆ ಎನ್ನುವವರಿದ್ದಾರೆ. ಸ್ವಲ್ಪ ಸಿಗುತ್ತದೆ, ನಿಜ. ಆದರೆ ನಮ್ಮೂರ ಪಕ್ಕದ ಹಳ್ಳಿಯಲ್ಲಿ ರೆಸಾರ್ಟ್ ಒಂದು ಬಂದಾಗ ಮೊದಲು ಹೋದದ್ದು ಕಡಲಿಗೆ ಇಳಿಯುವ ಕಾಲುದಾರಿ. ಎರಡನೆಯದು ಹೆಂಗಸರು ಮೀನು ಒಣಗಿಸುತ್ತಿದ್ದ ಮರಳು. ಅತಿಥಿಗಳಿಗೆ ವಾಸನೆ ಆಗುತ್ತದಂತೆ. 2020ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಬೀಚುಗಳಿಗೆ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಸ್ವಚ್ಛವಾಗಿವೆ, ಸಂತೋಷ. ಅದೇ ಕಾಸರಕೋಡಿನ ಟೊಂಕ ಎಂಬಲ್ಲಿ ಬಂದರು ಬೇಡ ಎಂದು ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರೂ ಕೇಳುತ್ತಿರುವುದು ದಂಡೆಯನ್ನೇ. ದೋಣಿ ಎಳೆಯಲು, ಬಲೆ ಹರಡಲು, ಮೀನು ಒಣಗಿಸಲು ಒಂದಿಷ್ಟು ಖಾಲಿ ಮರಳು. 1930ರಲ್ಲಿ ಅಂಕೋಲೆಯ ಜನ ಕಡಲ ನೀರಿನಿಂದ ಉಪ್ಪು ಮಾಡಿ ಜೈಲಿಗೆ ಹೋದರು. ಕಡಲು ಎಲ್ಲರದ್ದು ಎಂದು ಉತ್ತರ ಕನ್ನಡ ಜಿಲ್ಲೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಬರೀ ಕಡಲಿನ ಕಥೆಯೂ ಅಲ್ಲ ಇದು. ಬೆಟ್ಟದ ತುದಿಗೆ ಹೋದರೆ ಸ್ಪೀಕರ್, ಕೆರೆ ಏರಿಗೆ ಹೋದರೆ ಬಣ್ಣದ ದೀಪ, ಜಲಪಾತದ ಎದುರು ಕಾಂಕ್ರೀಟ್ ಗ್ಯಾಲರಿ. ಒಂದು ಜಾಗ ಖಾಲಿ ಕಂಡರೆ ನಮಗೆ ತಡೆಯಲಾಗುವುದಿಲ್ಲ. ಮಕ್ಕಳಿಗೆ ಪೂರ್ತಿ ಕತ್ತಲು ಅಂದರೆ ಏನೆಂದು ತೋರಿಸಲು ಈಗ ಎಷ್ಟು ದೂರ ಹೋಗಬೇಕು ಯೋಚಿಸಿ. ನೀವು ಹೋಗಿದ್ದಿರಿ. ಅವರ ಕೈಹಿಡಿದು ಅಲ್ಲಿ ನಿಂತೂ ಇದ್ದಿರಿ. ಇನ್ನೊಂದು ಹದಿನೈದು ನಿಮಿಷ ನಿಲ್ಲಬೇಕಿತ್ತು, ಕಣ್ಣು ಹೊಂದಿಕೊಳ್ಳುತ್ತಿತ್ತು.

ಯಾವ ತಿಂಗಳು ಅಂತ ಕೇಳಿದ್ದೀರಿ. ದೀಪಾವಳಿ ಕಳೆಯಲಿ, ನವೆಂಬರ್ ಕೊನೆಗೆ ಬನ್ನಿ. ಅಷ್ಟರಲ್ಲಿ ಮರಳು ವಾಪಸು ಬಂದಿರುತ್ತದೆ, ಗಾಳಿ ತಣ್ಣಗಿರುತ್ತದೆ. ಕ್ಯಾಲೆಂಡರ್ ನೋಡಿ ಅಮಾವಾಸ್ಯೆಯ ಆಸುಪಾಸು ಇಟ್ಟುಕೊಳ್ಳಿ. ಆ ದಿನಗಳ ಸಂಜೆ ಇಳಿತ ಜಾಸ್ತಿ, ದಂಡೆ ಅಗಲವಾಗಿ ಸಿಗುತ್ತದೆ, ರಾತ್ರಿ ನಕ್ಷತ್ರ ಕಾಣುತ್ತದೆ. ಊಟ ಡಬ್ಬಿಯಲ್ಲಿ ತನ್ನಿ, ಡಬ್ಬಿ ವಾಪಸು ಒಯ್ಯಿರಿ. ಮೊಬೈಲು ಕಾರಿನಲ್ಲೇ ಇರಲಿ. ಹೋಗಿ ಬಂದ ಮೇಲೆ ಮತ್ತೊಂದು ಕಾಗದ ಬರೆಯಿರಿ. ಆಗಲೂ ಜಗಳವಿದ್ದರೆ ಅದನ್ನೂ ಅಚ್ಚು ಹಾಕುತ್ತೇನೆ.

– ಸಂಪಾದಕ